ಪೋಸ್ಟಿಂಗ್ ಅಪ್ಪನಿಗೆ, ಪ್ರಶ್ನೆ ಮಗುವಿಗೆ

1986ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿದ್ದ ಅಮೆರಿಕದ ಸೇನಾ ನೆಲೆಯಲ್ಲಿ ಗಂಡುಮಗುವೊಂದು ಹುಟ್ಟಿತು. ಅಪ್ಪ ಸೈನಿಕ, ಅಮೆರಿಕದ ಪೌರ. ಮಗ ಬೆಳೆದದ್ದೂ ಅಮೆರಿಕದಲ್ಲೇ. ಮುಂದೆ ಗಡೀಪಾರಿನ ಪ್ರಶ್ನೆ ಎದ್ದಾಗ, ಸೇನಾ ನೆಲೆಯೆಂದರೆ ಅಮೆರಿಕದ ನೆಲವೇ ಎಂದು ಅವನು ವಾದಿಸಿದ. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಅಪ್ಪನ ಕಡೆಯಿಂದಲೂ ಪೌರತ್ವ ದಕ್ಕಲಿಲ್ಲ. ಮಗ ಹುಟ್ಟುವ ಹೊತ್ತಿಗೆ ಕಾನೂನು ಕೇಳುತ್ತಿದ್ದ 10 ವರ್ಷಗಳ ವಾಸ ಅಪ್ಪನಿಗೆ ತುಂಬಿರಲಿಲ್ಲ.

ಇದು ಬರೀ ಕಾಗದಪತ್ರದ ತಕರಾರಲ್ಲ, ಧರ್ಮಸೂಕ್ಷ್ಮ. ನೌಕರ ಎಲ್ಲೇ ಇರಲಿ, ರಾಜ್ಯಕ್ಕೆ ಅವನು ತನ್ನವನೇ. ಅವನ ನಡತೆಯ ಮೇಲೆ ಅದಕ್ಕೆ ಅಧಿಕಾರವಿದೆ; ಸೈನಿಕನಾದರೆ ಪ್ರಾಣವನ್ನೂ ಕೇಳುತ್ತದೆ. ಅಂಥವನ ಮನೆಯ ತೊಟ್ಟಿಲು ಮಾತ್ರ ಪರದೇಶದ್ದು ಎನ್ನುವುದು ಯಾವ ನ್ಯಾಯ? 1608ರಷ್ಟು ಹಿಂದೆಯೇ ಇಂಗ್ಲೆಂಡಿನ ನ್ಯಾಯಾಧೀಶ ಎಡ್ವರ್ಡ್ ಕೋಕ್, ರಾಯಭಾರಿಯ ಮಗು ಹೊರನಾಡಿನಲ್ಲಿ ಹುಟ್ಟಿದರೂ ರಾಜನ ಪ್ರಜೆಯೇ ಎಂದಿದ್ದ. ನೆಲಕ್ಕಿಂತ ನಿಷ್ಠೆ ದೊಡ್ಡದೆಂಬ ನಿಲುವು ಅದು.

ಆದರೆ ಮಗು ಯಾರ ಸೇವೆಯನ್ನೂ ಮಾಡಿಲ್ಲವಲ್ಲ! ಅಪ್ಪನ ದುಡಿಮೆಯ ಋಣವನ್ನು ಮಗುವಿಗೆ ತೀರಿಸಿದರೆ ಪೌರತ್ವ ಪಿತ್ರಾರ್ಜಿತ ಆಸ್ತಿಯಾಗುತ್ತದೆ ಎಂಬ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೂ ತೂಕ ಮಗುವಿನ ಕಡೆಗೇ ವಾಲಬೇಕು. ಅಪ್ಪ ಅಲ್ಲಿಗೆ ಹೋದದ್ದು ಸರ್ಕಾರ ಕಳಿಸಿದ್ದರಿಂದ. ತಾನೇ ಉಂಟುಮಾಡಿದ ಗೈರುಹಾಜರಿಗೆ ಸರ್ಕಾರವೇ ದಂಡ ವಿಧಿಸಬಾರದು.

ಅಮೆರಿಕ 2019ರ ಆಗಸ್ಟ್‌ನಲ್ಲಿ ವಿಧಿಸಹೊರಟದ್ದು ಬಹುಪಾಲು ಅಂಥ ದಂಡವನ್ನೇ. ವಿದೇಶದಲ್ಲಿ ಪೋಸ್ಟಿಂಗ್ ಆದ ಸೈನಿಕರ, ಸರ್ಕಾರಿ ನೌಕರರ ಮಕ್ಕಳನ್ನು ‘ಅಮೆರಿಕದಲ್ಲಿ ವಾಸಿಸುವವರು’ ಎಂದು ಇನ್ನು ಪರಿಗಣಿಸುವುದಿಲ್ಲವೆಂದು ವಲಸೆ ಇಲಾಖೆ ಸಾರಿತು. ಹುಟ್ಟಿನಿಂದಲೇ ಪೌರರಾದ ಮಕ್ಕಳಿಗೆ ಇದು ತಟ್ಟಲಿಲ್ಲ. ಪೆಟ್ಟು ಬಿದ್ದದ್ದು ದತ್ತುಮಕ್ಕಳಿಗೆ, ಹೆತ್ತವರಿಗೆ ತಡವಾಗಿ ಪೌರತ್ವ ಸಿಕ್ಕಿದ ಮಕ್ಕಳಿಗೆ. ತಾನಾಗಿ ಬರುತ್ತಿದ್ದ ಹಕ್ಕಿಗೆ 18 ತುಂಬುವುದರೊಳಗೆ ಅರ್ಜಿ ಹಾಕಿ ಮುಗಿಸಬೇಕಾಯಿತು. ಗದ್ದಲವೆದ್ದು, 2020ರ ಮಾರ್ಚ್‌ನಲ್ಲಿ ಹೊಸ ಕಾಯ್ದೆಯೇ ಅದನ್ನು ಸರಿಪಡಿಸಿತು.

ಭಾರತದ 1955ರ ಪೌರತ್ವ ಕಾಯ್ದೆಯೂ ಅಪ್ಪನ ಸೇವೆಯ ಈ ಋಣವನ್ನು ಅರಿತಿತ್ತು. ತಾನೂ ಹೊರದೇಶದಲ್ಲಿ ಹುಟ್ಟಿ ವಂಶದಿಂದಷ್ಟೇ ಭಾರತೀಯನಾದವನ ಮಗು ಅಲ್ಲೇ ಹುಟ್ಟಿದರೆ ದೂತಾವಾಸದಲ್ಲಿ ನೋಂದಣಿಯಾಗಬೇಕಿತ್ತು. ಅಪ್ಪ ಸರ್ಕಾರಿ ಸೇವೆಯಲ್ಲಿದ್ದರೆ ಅದರ ಅಗತ್ಯವಿರಲಿಲ್ಲ. ಆದರೆ 2004ರ ಡಿಸೆಂಬರ್ 3ರಿಂದ ಹೊರಗೆ ಹುಟ್ಟಿದ ಎಲ್ಲ ಮಕ್ಕಳಿಗೂ ನೋಂದಣಿ ಕಡ್ಡಾಯ. ಹೀಗಾಗಿ ದೂತಾವಾಸದ ಗುಮಾಸ್ತನೂ ಈಗ ತನ್ನದೇ ಕಚೇರಿಗೆ ಅರ್ಜಿ ಕೊಡಬೇಕು, ಮಗುವಿನ ಹೆಸರಲ್ಲಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಬರೆದುಕೊಡಬೇಕು.