ಶನಿವಾರದ ಹಬ್ಬ

2020ರ ಗಣೇಶನ ಹಬ್ಬ ಶನಿವಾರ ಬಂದಿತ್ತು, ಆಗಸ್ಟ್ 22. ಕೋವಿಡ್ ಕಾರಣ ನಮ್ಮ ಕನ್ನಡ ಕೂಟದ ಪೂಜೆ ಝೂಮ್‌ನಲ್ಲಿ. ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟ ಐಪ್ಯಾಡ್‌ನಲ್ಲಿ ಪುರೋಹಿತರ ಮಂತ್ರ ತಡೆತಡೆದು ಬರುತ್ತಿತ್ತು. ಮಂಗಳಾರತಿಯ ಹೊತ್ತಿಗೆ ಯಾರದೋ ಮನೆಯ ಮಿಕ್ಸಿ ಸದ್ದೂ ಸೇರಿಕೊಂಡಿತು. ಅಮೆರಿಕದ ಕೊಲಂಬಸ್‌ನ ನಮ್ಮ ಅಡುಗೆಮನೆಯಲ್ಲಿ ಕಡುಬು ಬೇಯುತ್ತಿದ್ದರೂ ಹಬ್ಬದ ಕಳೆ ಇರಲಿಲ್ಲ. ಆಗ ಮಗ ಕೇಳಿದ: "ಅಮ್ಮಾ, ನಮ್ಮ ಹಬ್ಬ ಏನೇ ಆದ್ರೂ ನಿಲ್ಲಬಾರದು ಅಂತೀಯ. ಫುಟ್‌ಬಾಲ್ ಮಾತ್ರ ಯಾಕೆ ನಿಲ್ಲಬೇಕು?"

ಆಗಸ್ಟ್ 11ರಂದು, ನಮ್ಮೂರ ಯೂನಿವರ್ಸಿಟಿ ತಂಡ ಆಡುವ ಕಾಲೇಜು ಫುಟ್‌ಬಾಲ್ ಒಕ್ಕೂಟ ಬಿಗ್ ಟೆನ್ ಆ ಸಾಲಿನ ಆಟವನ್ನು ಮುಂದೂಡಿತ್ತು. ಸೋಂಕು ತಗಲಿದ ಹುಡುಗರ ಹೃದಯದ ಸ್ನಾಯು ಊದಿಕೊಳ್ಳಬಹುದೆಂಬ ಅಂಜಿಕೆ ವೈದ್ಯರಿಗಿತ್ತು. ಆದರೆ ದಕ್ಷಿಣದ ಎಸ್‌ಇಸಿ ಒಕ್ಕೂಟ ಆಡಲು ಸಜ್ಜಾಗುತ್ತಿತ್ತು. ನಮ್ಮೂರ ತಂಡದ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಫೀಲ್ಡ್ಸ್ 'ನಾವು ಆಡಬೇಕು' ಎಂದು ಹೊರಡಿಸಿದ ಮನವಿಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ಗೌರಿ ಹಬ್ಬದ ದಿನವೇ ಕೆಲವು ಆಟಗಾರರ ಅಪ್ಪ ಅಮ್ಮಂದಿರು ರೋಸ್‌ಮಾಂಟ್‌ನ ಬಿಗ್ ಟೆನ್ ಕಚೇರಿ ಎದುರು ಹೋಗಿ ನಿಂತಿದ್ದರು.

ಆ ವರ್ಷ ಆಡಬಾರದು ಎಂಬುದು ನನ್ನ ನಿಲುವಾಗಿತ್ತು, ಈಗಲೂ ಅದೇ. ಆದರೂ ಆ ಪೋಷಕರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯಾವ ಆಧಾರದ ಮೇಲೆ ತೀರ್ಮಾನಿಸಿದಿರಿ ಹೇಳಿ ಎಂದು ಅವರು ಕೇಳುತ್ತಿದ್ದರು. ಹೆತ್ತವರು ಕೇಳಬೇಕಾದ ಮಾತೇ ಅದು.

ವಿಮಾನವಿಲ್ಲದೆ ನಮ್ಮಲ್ಲೇ ಉಳಿದಿದ್ದ ಮಾವನವರು ಕಡುಬು ಮುರಿಯುತ್ತಾ, "ಆಡೋ ಹುಡುಗರಿಗೆ ಸಂಬಳ ಎಷ್ಟೋ ಮರಿ?" ಎಂದರು.

"ಸಂಬಳ ಇಲ್ಲ ತಾತ. ಸ್ಕಾಲರ್‌ಶಿಪ್ ಅಷ್ಟೇ."

"ಟಿಕೆಟ್ ದುಡ್ಡು, ಟೀವಿ ದುಡ್ಡು?"

"ಅದು ಯೂನಿವರ್ಸಿಟಿಗೆ."

"ಹಾಗಾದ್ರೆ ಅವರಿಗೆ ಕಾಯಿಲೆ ಆದ್ರೆ ನೋಡ್ಕೊಳ್ಳೋರು ಯಾರು?"

ಮಗ ಸೋಲಲಿಲ್ಲ. ಪಶ್ಚಿಮದ ಪ್ಯಾಕ್-12 ಒಕ್ಕೂಟದ ಆಟಗಾರರು ಇದನ್ನೇ ಕೇಳಿ, ರಕ್ಷಣೆ ಕೊಡದಿದ್ದರೆ ಕಣಕ್ಕಿಳಿಯೋದಿಲ್ಲ ಎಂದಿದ್ದರು. ಕ್ಲೆಮ್ಸನ್ ತಂಡದ ಟ್ರೆವರ್ ಲಾರೆನ್ಸ್ ಅಂಥವರು ಆಡುತ್ತೇವೆ, ಆದರೆ ಒಂದೇ ಬಗೆಯ ಸುರಕ್ಷತಾ ನಿಯಮ ಬೇಕು ಎಂದಿದ್ದರು. ಎರಡನ್ನೂ ತಾತನಿಗೆ ಬಿಡಿಸಿ ಹೇಳಿದ, ಕನ್ನಡದಲ್ಲೇ. ಪದ ಸಿಗದಾಗ ಕೈ ಆಡಿಸಿದ, ಕ್ರಿಯಾಪದ ತಪ್ಪಿದಾಗ ತಾತ ತಿದ್ದಿದರು, ಮತ್ತೆ ಮುಂದುವರಿಸಿದ. ಭಾನುವಾರದ ಕನ್ನಡ ತರಗತಿಯಲ್ಲಿ ಒಂದು ವಾಕ್ಯಕ್ಕೆ ತಿಣುಕುವ ಹುಡುಗ ಇವನೇನಾ ಅನ್ನಿಸಿ ನನ್ನ ಎದೆ ತುಂಬಿತು. ಐಪ್ಯಾಡ್‌ನಲ್ಲಿ ಪೂಜೆ ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ.

ಸೆಪ್ಟೆಂಬರ್ 16ಕ್ಕೆ ಬಿಗ್ ಟೆನ್ ಮನಸ್ಸು ಬದಲಿಸಿತು. ದಿನಾ ಪರೀಕ್ಷೆ ಮಾಡಿಸಿ, ಅಕ್ಟೋಬರ್ ಕೊನೆಗೆ ಆಟ ಶುರು ಮಾಡಿದರು. ಆದರೆ ಡಿಸೆಂಬರ್ 12ರ ಮಿಷಿಗನ್ ವಿರುದ್ಧದ ಪಂದ್ಯ ಆ ತಂಡದಲ್ಲಿ ಸೋಂಕು ಹರಡಿ ರದ್ದಾಯಿತು. 1918ರಿಂದ ಒಂದು ವರ್ಷವೂ ತಪ್ಪದೆ ನಡೆದ ಪಂದ್ಯವದು. ಅಂದು ಮಗ ಊಟ ಬೇಡವೆಂದ. ನಮ್ಮ ಹಬ್ಬ ಝೂಮ್‌ಗೆ ಹೋದಾಗ ಅವನು ಹೀಗೆ ಊಟ ಬಿಟ್ಟಿರಲಿಲ್ಲ. ಅದು ನನ್ನನ್ನು ಚುಚ್ಚಿತು, ಇವತ್ತಿಗೂ ಚುಚ್ಚುತ್ತದೆ. ಆದರೆ ಹುಟ್ಟಿದ ಊರಿನ ಹಬ್ಬ ತಪ್ಪಿದ್ದಕ್ಕೆ ಮಗು ಕೊರಗಿದರೆ ಬೇಡ ಅನ್ನಲು ನಾನ್ಯಾರು? ನಮ್ಮೂರ ತೇರು ನಿಂತಿದ್ದರೆ ನಾನೂ ಹಾಗೇ ಕೊರಗುತ್ತಿದ್ದೆ.

ಕೂಟದ ಹಿರಿಯರಲ್ಲಿ ಒಂದು ಬಿನ್ನಹ. ಮಿಷಿಗನ್ ಪಂದ್ಯ ನವೆಂಬರ್ ಕೊನೆಯ ಶನಿವಾರದ ಸುಮಾರಿಗೆ ಬರುತ್ತದೆ. ನಮ್ಮ ರಾಜ್ಯೋತ್ಸವದ ತಿಂಗಳೂ ಅದೇ. ಹಾಲ್ ಗೊತ್ತುಮಾಡುವ ಮುಂಚೆ ಮಕ್ಕಳನ್ನೂ ಕೂರಿಸಿಕೊಂಡು ಕೇಳೋಣ, ಅವರ ಹಬ್ಬಕ್ಕೆ ನಾವು ಜಾಗ ಬಿಟ್ಟರೆ ನಮ್ಮದಕ್ಕೆ ಅವರು ಬಂದಾರು. ಬರುತ್ತಾರೋ ಇಲ್ಲವೋ, ಖಾತ್ರಿಯಾಗಿ ಹೇಳಲಾರೆ. ಬಿಟ್ಟುಕೊಟ್ಟ ಶನಿವಾರಗಳು ಒಂದೊಂದಾಗಿ ಹೆಚ್ಚುತ್ತಾ ಹೋದರೆ ಏನು ಮಾಡುವುದೆಂದೂ ನನಗೆ ಹೊಳೆಯುತ್ತಿಲ್ಲ.