ಸದ್ದು ಯಾರದ್ದು?

ಕಾರಿಗೆ ಹೊಸ ಸ್ಟೀರಿಯೋ ಹಾಕಿಸಿದ ಮೇಲೆ ಹಾಡಿನ ಹಿಂದೆ ‘ಕುಂಯ್’ ಎಂದು ಒಂದು ಸದ್ದು ಕೇಳಲು ಶುರುವಾದರೆ ತಪ್ಪು ಯಾರದ್ದು? ಇದು ಗ್ಯಾರೇಜಿನ ಪ್ರಶ್ನೆ, ಇಲ್ಲಿ ಇದಕ್ಕೆ ಎಂತ ಕೆಲಸ ಎಂದು ನಿಮಗೆ ಅನಿಸಬಹುದು. ಆದರೆ ಮನೆಯ ಜಗಲಿಯಲ್ಲಿ, ಶಾಲೆಯ ಮೀಟಿಂಗಿನಲ್ಲಿ, ಊರಿನ ಪಂಚಾತಿಕೆಯಲ್ಲಿ ನಾವು ಮತ್ತೆ ಮತ್ತೆ ಎದುರಿಸುವ ಪ್ರಶ್ನೆಯೂ ಇದುವೇ. ಹೊಸತೊಂದು ಬಂದ ಮೇಲೆ ಕೆಡುಕು ಕಾಣಿಸಿಕೊಂಡರೆ, ಆ ಕೆಡುಕನ್ನು ಹೊಸತರ ತಲೆಗೆ ಕಟ್ಟುವುದು ನ್ಯಾಯವೇ?

ಮೊದಲು ಕಾರಿನದ್ದನ್ನೇ ನೋಡುವ. ಕುಂಬಳೆಯಿಂದ ಬದಿಯಡ್ಕಕ್ಕೆ, ಅಲ್ಲಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ನಿಂತು ನೋಡಿದರೆ ಹಳೆಯ ಗಾಡಿಗಳಿಗೆ ಬರಗಾಲವಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಮೊದಲು ಮಾಡಿಸುವ ಕೆಲಸಗಳಲ್ಲಿ ಹೊಸ ಸೆಟ್ ಹಾಕಿಸುವುದೂ ಒಂದು. ಅಂಗಡಿಯ ಎದುರು ಗಾಡಿ ನಿಂತಿರುವಾಗ ಹಾಡು ಚೆಂದವೇ ಕೇಳುತ್ತದೆ. ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಹಿಂದಿನಿಂದ ಕುಂಯ್ ಎನ್ನುವ ರಾಗ. ಎಕ್ಸಿಲೇಟರ್ ಒತ್ತಿದರೆ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಗಾಡಿಯವರು ಅಲ್ಲಿಯೇ ತೀರ್ಪು ಕೊಟ್ಟಾಯಿತು: “ಇಷ್ಟು ವರ್ಷ ಇರದ ಸದ್ದು ಇದು ಬಂದ ಮೇಲೆ ಬಂತು. ಸೆಟ್ ಸರಿ ಇಲ್ಲ ಮಾರಾಯ್ರೇ.”

ಒಳಗೆ ನಡೆಯುವುದು ಬೇರೆ. ಇಂಜಿನ್ ತಿರುಗುವಾಗ ಬೆಲ್ಟಿನ ಮೂಲಕ ಆಲ್ಟರ್ನೇಟರ್ ತಿರುಗುತ್ತದೆ. ಅದು ಹುಟ್ಟಿಸುವುದು ಎ.ಸಿ. ಕರೆಂಟು. ಅದರಲ್ಲಿರುವ ಡಯೋಡುಗಳು ಅದನ್ನು ಡಿ.ಸಿ. ಮಾಡುತ್ತವೆ, 12 ವೋಲ್ಟಿನ ಬ್ಯಾಟರಿ ಸುಮಾರು 14 ವೋಲ್ಟಿನಲ್ಲಿ ಚಾರ್ಜ್ ಆಗುತ್ತದೆ. ಎಷ್ಟು ಸಮ ಮಾಡಿದರೂ ಕರೆಂಟಿನಲ್ಲಿ ಒಂದು ಸಣ್ಣ ಅಲೆ ಉಳಿದೇ ಉಳಿಯುತ್ತದೆ. ಇಂಜಿನಿನ ವೇಗ ಹೆಚ್ಚಿದಂತೆ ಅಲೆಗಳು ಒತ್ತೊತ್ತಾಗಿ ಬರುತ್ತವೆ. ಸ್ವರ ಏರುವುದು ಅದಕ್ಕೇ. ಈ ಅಲೆ ಇವತ್ತಿನದ್ದಲ್ಲ, ಗಾಡಿ ಹೊಸತಾಗಿದ್ದ ದಿನದಿಂದಲೂ ಉಂಟು. ಹೆಡ್‌ಲೈಟಿಗೂ ಹಾರ್ನಿಗೂ ಅದರಿಂದ ಏನೂ ಆಗುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಅಲೆ ಹಾಡಿನೊಳಗೆ ನುಗ್ಗುವುದು ಹೆಚ್ಚಾಗಿ ಅರ್ತಿನ ದಾರಿಯಿಂದ. ಬ್ಯಾಟರಿಯ ನೆಗೆಟಿವ್ ತುದಿಯನ್ನು ಗಾಡಿಯ ತಗಡಿಗೇ ಸೇರಿಸಿರುತ್ತಾರೆ. ಲೈಟಿರಲಿ, ಸೆಟ್ಟಿರಲಿ, ಕರೆಂಟು ಬ್ಯಾಟರಿಗೆ ತಿರುಗಿ ಹೋಗುವುದು ಆ ತಗಡಿನ ಮೂಲಕ. ಅರ್ತ್ ಕೊಟ್ಟ ಜಾಗದಲ್ಲಿ ಪೈಂಟ್ ಇದ್ದರೆ, ಬೋಲ್ಟು ಸಡಿಲ ಇದ್ದರೆ, ತುಕ್ಕು ಹಿಡಿದಿದ್ದರೆ ಕರೆಂಟಿನ ದಾರಿ ಸರಾಗವಾಗಿರುವುದಿಲ್ಲ. ನಮ್ಮ ಮಳೆಗೆ, ಕಡಲ ಗಾಳಿಗೆ ತುಕ್ಕು ಹಿಡಿಯದ ತಗಡು ಯಾವುದು ಹೇಳಿ! ಸ್ಟೀರಿಯೋಗೆ ಎದುರು ಒಂದು ಕಡೆ, ಆಂಪ್ಲಿಫೈಯರಿಗೆ ಹಿಂದೆ ಇನ್ನೊಂದು ಕಡೆ ಅರ್ತ್ ಕೊಟ್ಟು, ಆ ಎರಡು ಜಾಗಗಳ ನಡುವೆ ವೋಲ್ಟೇಜು ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಸಾಕು, ಹಾಡು ಹೋಗುವ ಸಪೂರ ವಯರಿಗೆ ಅಲೆಯೂ ಸೇರಿಕೊಳ್ಳುತ್ತದೆ. ಹಾಡು ಯಾವುದು, ಅಲೆ ಯಾವುದು ಎಂದು ಆಂಪ್ಲಿಫೈಯರಿಗೆ ತಿಳಿಯದು. ಬಂದದ್ದನ್ನು ದೊಡ್ಡದು ಮಾಡಿ ಕೇಳಿಸುವುದು ಅದರ ಕೆಲಸ, ಅದನ್ನು ಅದು ಮಾಡುತ್ತದೆ.

ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಒಂದೇ ಹೊತ್ತು ಕೂಡಿಬಂದರೆ ಅದನ್ನು ಹಿರಿಯರು ಕಾಕತಾಳೀಯ ಎಂದರು. ಇಲ್ಲಿ ಕಾಗೆಯ ಮೇಲೆ ಅಪವಾದ ಹೊರಿಸಿದ್ದೇವೆ ಎಂದು ಹೇಳಿ ಮುಗಿಸಿದರೆ ಮಾತು ಸುಲಭವಾಯಿತು, ಆದರೆ ಪೂರ್ತಿ ಸರಿಯಾಗಲಿಲ್ಲ. ಸೆಟ್ಟಿಗೂ ಸದ್ದಿಗೂ ಸಂಬಂಧ ಉಂಟು; ಸೆಟ್ ತೆಗೆದರೆ ಸದ್ದೂ ಹೋಗುತ್ತದಲ್ಲ! ನಮ್ಮ ತರ್ಕಶಾಸ್ತ್ರದಲ್ಲಿ ಕಾರಣವನ್ನು ಹುಡುಕಲು ಎರಡು ಅಳತೆ ಇಟ್ಟಿದ್ದಾರೆ. ಅದು ಇದ್ದಾಗ ಇದೂ ಉಂಟು ಎನ್ನುವುದು ಅನ್ವಯ, ಅದು ಇಲ್ಲದಾಗ ಇದೂ ಇಲ್ಲ ಎನ್ನುವುದು ವ್ಯತಿರೇಕ. ಒಳ್ಳೆಯ ಮೆಕ್ಯಾನಿಕ್ ಈ ಹೆಸರುಗಳನ್ನು ಕೇಳಿರಲಿಕ್ಕಿಲ್ಲ, ಆದರೆ ಅವನು ಮಾಡುವುದು ಇದನ್ನೇ. ಇಂಜಿನ್ ನಿಲ್ಲಿಸಿ ಹಾಡು ಮಾತ್ರ ಹಾಕುತ್ತಾನೆ; ಸದ್ದು ಹೋಯಿತೆಂದರೆ ಅದು ಇಂಜಿನಿನ ಕಡೆಯಿಂದ ಬರುವುದು. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಿದ ಮೊಬೈಲ್ ಚಾರ್ಜರು ತೆಗೆದು ನೋಡುತ್ತಾನೆ. ಎಷ್ಟೋ ಸಲ ಕಳ್ಳ ಅಲ್ಲಿಯೇ ಸಿಕ್ಕಿಬೀಳುವುದುಂಟು. ಸೆಟ್ ಆಫ್ ಮಾಡಿ ಆಂಪ್ಲಿಫೈಯರಿನಿಂದ ಸಪೂರ ವಯರು ಬಿಡಿಸಿ, ಮತ್ತೆ ಆನ್ ಮಾಡಿ ಕೇಳುತ್ತಾನೆ. ದಪ್ಪದ ಪವರ್ ವಯರೂ ಹಾಡಿನ ವಯರೂ ಒಂದೇ ಕಟ್ಟಿನಲ್ಲಿ ಹೋಗಿದ್ದರೆ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಾಕುತ್ತಾನೆ. ಕೊನೆಗೆ ತಗಡಿನ ಪೈಂಟ್ ಉಜ್ಜಿ, ಅರ್ತ್ ವಯರನ್ನು ಗಿಡ್ಡ ಮಾಡಿ ಬಿಗಿಯುತ್ತಾನೆ. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾನೆ, ಇಲ್ಲದಿದ್ದರೆ ಯಾವುದರಿಂದ ಸರಿಯಾಯಿತು ಎಂದೇ ಗೊತ್ತಾಗುವುದಿಲ್ಲ.

ಈಗ ಕಷ್ಟದ ಜಾಗಕ್ಕೆ ಬಂದೆವು. ಸೆಟ್ ತೆಗೆದರೂ ಸದ್ದು ಹೋಗುತ್ತದೆ, ಅರ್ತ್ ಸರಿ ಮಾಡಿದರೂ ಹೋಗುತ್ತದೆ. ತರ್ಕದ ಲೆಕ್ಕಕ್ಕೆ ಎರಡೂ ಕಾರಣಗಳೇ. ಹಾಗಾದರೆ ತಪ್ಪು ಯಾವುದರದ್ದು ಎಂದು ಹೇಗೆ ನಿರ್ಣಯಿಸುವುದು? ನನಗೆ ಕಾಣುವ ಉತ್ತರ ಇಷ್ಟೇ: ಸದ್ದು ಹೋಗಿ ಹಾಡು ಉಳಿಯುವುದು ಯಾವ ರಿಪೇರಿಯಿಂದಲೋ, ತಪ್ಪು ಇದ್ದದ್ದು ಅಲ್ಲಿ. ಸೆಟ್ ಕಿತ್ತು ಹಾಕಿದರೆ ಹಾಡೂ ಹೋಯಿತು, ಮತ್ತೆ ತುಕ್ಕು ಇದ್ದಲ್ಲೇ ಇದ್ದು ಇನ್ನಷ್ಟು ತಗಡನ್ನು ತಿನ್ನುತ್ತದೆ.

ಮನೆಗೆ ಸೊಸೆ ಬಂದ ಆರು ತಿಂಗಳಲ್ಲಿ ಜಗಳ ಶುರುವಾಯಿತು ಎನ್ನುತ್ತಾರೆ. ವಿಚಾರಿಸಿ ನೋಡಿದರೆ ಅಣ್ಣತಮ್ಮಂದಿರ ನಡುವೆ ಅಡಿಕೆ ತೋಟದ ಲೆಕ್ಕ ಹತ್ತು ವರ್ಷದಿಂದ ಆಗಿರುವುದಿಲ್ಲ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಹೊಸದಾಗಿ ಬಂದವಳು ಒಂದು ದಿನ “ನಮ್ಮ ಪಾಲಿಗೆ ಎಷ್ಟು ಬಂತು?” ಎಂದು ಕೇಳುತ್ತಾಳೆ, ಅಷ್ಟೇ. ಶಾಲೆಗೆ ಹೊಸ ಟೀಚರ್ ಬಂದು ಐದನೆಯ ಕ್ಲಾಸಿನ ಮಕ್ಕಳಿಂದ ಒಂದು ಪುಟ ಓದಿಸುತ್ತಾರೆ. ಅರ್ಧದಷ್ಟು ಮಕ್ಕಳಿಗೆ ಬರುವುದಿಲ್ಲ. “ಈ ಟೀಚರ್ ಬಂದ ಮೇಲೆ ಮಕ್ಕಳು ಹಿಂದೆ ಬಿದ್ದರು” ಎಂದು ಪೇಟೆಯಲ್ಲಿ ಮಾತಾಗುತ್ತದೆ. ಸೊಸೆಯ ಬಾಯಿ ಮುಚ್ಚಿಸಬಹುದು, ಟೀಚರಿಗೆ ಟ್ರಾನ್ಸ್‌ಫರ್ ಮಾಡಿಸಬಹುದು. ಸದ್ದು ನಿಲ್ಲುತ್ತದೆ. ತೋಟದ ಲೆಕ್ಕ ಹಾಗೆಯೇ ಇರುತ್ತದೆ, ಮಕ್ಕಳಿಗೆ ಓದಲು ಬರುವುದೇ ಇಲ್ಲ.

ಹಾಗೆಂದು ಹೊಸತೆಲ್ಲ ನಿರ್ದೋಷಿ ಎಂದು ಹೊರಡುವುದೂ ಸರಿಯಲ್ಲ. ಸೆಟ್ಟೇ ಕಳಪೆಯಾಗಿರುವುದೂ ಉಂಟು. ಅದನ್ನು ತಿಳಿಯಲು ಸೆಟ್ಟನ್ನು ಹೊರಗೆ ತೆಗೆದು, ಬೇರೆ ಬ್ಯಾಟರಿಗೆ ನೇರ ಕೊಟ್ಟು ಹಾಡಿಸಿ ನೋಡಬೇಕು. ಅಲ್ಲಿಯೂ ಸದ್ದು ಬಂದರೆ ಅಂಗಡಿಗೆ ಹಿಂದೆ ಕೊಡಲು ಸಂಕೋಚ ಬೇಡ. ಸೊಸೆಯ ಮಾತಿನಲ್ಲಿಯೂ ಟೀಚರರ ಪಾಠದಲ್ಲಿಯೂ ಕೊರತೆ ಇರಬಹುದು. ಪರೀಕ್ಷೆ ಹೊಸಬರಿಗೂ ಆಗಲಿ, ಹಳಬರಿಗೂ ಆಗಲಿ. ಹೊಸಬರಿಗೆ ಮಾತ್ರ ಪರೀಕ್ಷೆ, ಹಳಬರಿಗೆ ಮಾಫಿ ಎನ್ನುವುದಾದರೆ ಅದು ಅನ್ಯಾಯ.

ಸದ್ದು ತಡೆಯುವ ಫಿಲ್ಟರ್ ಪೇಟೆಯಲ್ಲಿ ಸಿಗುತ್ತದಲ್ಲ, ಅದನ್ನು ಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗಬಹುದು. ಎಲ್ಲ ನೋಡಿದ ಮೇಲೂ ಸ್ವಲ್ಪ ಸದ್ದು ಉಳಿದರೆ ಫಿಲ್ಟರ್ ಹಾಕುವುದರಲ್ಲಿ ತಪ್ಪಿಲ್ಲ. ಸಂಸಾರದಲ್ಲಿಯೂ ಎಲ್ಲವನ್ನೂ ಬುಡದಿಂದ ಸರಿ ಮಾಡಲು ಆಗುವುದಿಲ್ಲ, ಕೆಲವನ್ನು ಕೇಳಿಯೂ ಕೇಳದ ಹಾಗೆ ಇರುವುದೇ ಜಾಣತನ. ಆದರೆ ನೋಡುವ ಮೊದಲೇ ಫಿಲ್ಟರ್ ಹಾಕಿದರೆ ಅಪಾಯ. ಆಲ್ಟರ್ನೇಟರಿನ ಒಂದು ಡಯೋಡು ಹಾಳಾದರೂ ಅಲೆ ಜೋರಾಗಿ ಇದೇ ಕುಂಯ್ ಸದ್ದು ಬರುತ್ತದೆ. ಆಗ ಅದು ಗಾಡಿ ಕೊಡುವ ಎಚ್ಚರಿಕೆ. ಅದನ್ನು ಅಡಗಿಸಿ ನೆಮ್ಮದಿಯಲ್ಲಿ ಹಾಡು ಕೇಳುತ್ತಾ ಹೋದವರು, ಬ್ಯಾಟರಿ ಇಳಿದು, ನಡುರಾತ್ರಿ ಮಳೆಗೆ ಘಾಟಿಯ ತಿರುವಿನಲ್ಲಿ ಹೆಂಡತಿ ಮಕ್ಕಳೊಂದಿಗೆ ನಿಲ್ಲಬೇಕಾದೀತು.

ಆದ್ದರಿಂದ ಸದ್ದು ಕೇಳಿದ ಕೂಡಲೇ ಕೇಳಬೇಕಾದದ್ದು ‘ಇದು ಯಾವಾಗ ಬಂತು?’ ಎಂದು ಮಾತ್ರ ಅಲ್ಲ, ‘ಇದು ಎಲ್ಲಿಂದ ಬರುತ್ತದೆ?’ ಎಂದು. ಮೊದಲನೆಯದಕ್ಕೆ ಕೂತಲ್ಲಿಂದಲೇ ಉತ್ತರ ಕೊಡಬಹುದು. ಎರಡನೆಯದಕ್ಕೆ ಬಗ್ಗಿ ಮ್ಯಾಟ್ ಎತ್ತಬೇಕು, ಕೈಗೆ ಕರಿ ಆಗುತ್ತದೆ, ತನ್ನದೇ ಹಳೆಯ ಗಾಡಿಯ ತುಕ್ಕು ಕಣ್ಣಿಗೆ ಬೀಳುತ್ತದೆ. ಉಜ್ಜಿ ಬಿಗಿಯುವ ಕೆಲಸ ಹೆಚ್ಚೆಂದರೆ ಅರ್ಧ ಗಂಟೆಯದ್ದು. ಅಷ್ಟು ಮಾಡದೆ ಹೊಸ ಸೆಟ್ಟಿಗೆ ಬೈಯುವ ಹಕ್ಕು ಯಾರಿಗೂ ಇಲ್ಲ. ಮನೆಗೆ ಬಂದ ಹೊಸ ಮನುಷ್ಯರ ಮಟ್ಟಿಗಂತೂ ಕೇಳುವುದೇ ಬೇಡ.