ಬಂದು ಹೋಗುವವರು

ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಅಯ್ಯನವರ, ಅಂದರೆ ಸಭಾಪಾಲಕರ, ಹೆಂಡತಿಯೇ ಸ್ತ್ರೀಯರ ಕೂಟದ ಮುಂದಾಳಾಗುವುದು ಬಹುಕಡೆ ನಡೆದುಬಂದ ಪದ್ಧತಿ. ಆ ಮುಂದಾಳಿನ ಕುರ್ಚಿಯನ್ನು ಅಯ್ಯನವರ ಹೆಂಡಂದಿರಾದ ನಾವು ಕೇಳಿ ಪಡೆದವರಲ್ಲ. ತಾಳಿಯೊಡನೆ ಬಂದದ್ದು ಅದು. ಗಂಡನಿಗೆ ವರ್ಗವಾದ ದಿನ ಹೊರಟುಹೋಗುತ್ತದೆ. ದುಡಿದು ಗಳಿಸದ, ಉಳಿಸಿಕೊಳ್ಳಲೂ ಆಗದ ಈ ಹಿರಿತನಕ್ಕೆ ಬೆಲೆ ಎಲ್ಲಿಂದ ಬರಬೇಕು? (1976ರಿಂದ ನಮ್ಮಲ್ಲಿ ಹೆಂಗಸರಿಗೂ ಗುರುದೀಕ್ಷೆ ಸಿಗುತ್ತಿದೆ. ಅಯ್ಯನವರೇ ಹೆಂಗಸಾದರೆ ಅವರ ಯಜಮಾನರನ್ನು ಆ ಕುರ್ಚಿಯಲ್ಲಿ ಕೂರಿಸಲಾದೀತೇ? ಪದ್ಧತಿಯ ಬುಡ ಎಷ್ಟು ಸಡಿಲವೆಂಬುದು ಇಂಥ ಕಡೆ ಗೊತ್ತಾಗುತ್ತದೆ.)

ಹೊಸ ಊರಿಗೆ ಹೋದಾಗಲೆಲ್ಲ ನಾವು ಏನೇನೋ ಹೊತ್ತುಕೊಂಡು ಹೋಗುತ್ತೇವೆ: ಹೊಲಿಗೆ ತರಗತಿ, ಬೈಬಲ್ ರಸಪ್ರಶ್ನೆ, ಮಾರ್ಚಿಯ ಮೊದಲ ಶುಕ್ರವಾರದ ವಿಶ್ವ ಪ್ರಾರ್ಥನಾ ದಿನಕ್ಕೆ ಹೊಸ ಹಾಡು. ಆದರೆ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಯಾರ ಮಗನ ಹೆಸರನ್ನು ಗಟ್ಟಿಯಾಗಿ ಹೇಳಿ ಪ್ರಾರ್ಥಿಸಬಾರದು ಎಂಬುದೆಲ್ಲ ಚಾಪೆಯ ಮೇಲೆ ಕುಳಿತವರಿಗೆ ಮೊದಲೇ ಗೊತ್ತು. ಗೊತ್ತಿಲ್ಲದವರು ಕುರ್ಚಿಯಲ್ಲಿ ಕುಳಿತ ನಾವೊಬ್ಬರೇ.

ಪ್ರಾರ್ಥನೆಯ ಕೋರಿಕೆ ಏನಾದರೂ ಇದೆಯೇ ಎಂದು ಕೇಳಿದರೆ ಮಂಡಿನೋವು ಬರುತ್ತದೆ, ಮೊಮ್ಮಗನ ಪರೀಕ್ಷೆ ಬರುತ್ತದೆ. ಎದೆಯೊಳಗಿನದು ಬರುವುದಿಲ್ಲ. ಅದು ಹೊರಬರುವುದು ಚಹಾ ಮುಗಿದ ಮೇಲೆ, ಹಿತ್ತಲ ನಲ್ಲಿಯ ಹತ್ತಿರ ಲೋಟ ತೊಳೆಯುವಾಗ. ಕೈ ನೀರಿನಲ್ಲಿದ್ದು ಕಣ್ಣು ಲೋಟದ ಮೇಲಿದ್ದರೆ ನಾಲಿಗೆಗೆ ಯಾಕೋ ಧೈರ್ಯ ಬರುತ್ತದೆ. ನಾವೂ ಲೋಟ ತೊಳೆಯಲು ಹೋದರೆ 'ಅಮ್ಮಾ, ನೀವ್ಯಾಕೆ, ಬಿಡಿ' ಎಂದು ತಡೆಯುತ್ತಾರೆ. ಆ ಗೌರವಕ್ಕೆ ಮಣಿದು ಮನೆಗೆ ಹೋದ ವರ್ಷಗಳಲ್ಲಿ ನಾವು ನಡೆಸಿದ್ದಾದರೂ ಏನನ್ನು? ನಡಾವಳಿ ಪುಸ್ತಕದಲ್ಲಿ ಹಾಜರಿ, ಕಾಣಿಕೆ, ವಂದನಾರ್ಪಣೆ ಎಲ್ಲವೂ ಇವೆ. ನಲ್ಲಿಯ ಬಳಿ ನಡೆದದ್ದಕ್ಕೆ ಅಲ್ಲಿ ಅಂಕಣವಿಲ್ಲ.

ಅಂಕಣ ಸಿಗದ ಇಂಥ ಬಾಳು ಬೈಬಲಿನಲ್ಲೂ ಉಂಟು. ಯೊಪ್ಪ ಊರಿನ ತಬಿಥಾಳ ಕಥೆ ನಮಗೆಲ್ಲ ಬಾಯಿಪಾಠ. ಅಪೊಸ್ತಲರ ಕೃತ್ಯಗಳಲ್ಲಿ ಆಕೆಗಿರುವ ಪದವಿ ಶಿಷ್ಯೆ ಎಂಬುದೊಂದೇ. ಆಕೆ ಆಡಿದ ಮಾತೊಂದೂ ಅಲ್ಲಿ ದಾಖಲಾಗಿಲ್ಲ. ಆಕೆ ಸತ್ತಾಗ, ಹೊಲಿದುಕೊಟ್ಟ ಅಂಗಿಗಳನ್ನು ವಿಧವೆಯರು ಅಳುತ್ತ ಎತ್ತಿ ತೋರಿಸಿದರು, ಅಷ್ಟೇ. ಆಕೆಯನ್ನು ಸಾವಿನಿಂದ ಎಬ್ಬಿಸಿದ ಅಪೊಸ್ತಲ ಪೇತ್ರನನ್ನೇ ನಾವು ಪ್ರಸಂಗಗಳಲ್ಲಿ ಕೊಂಡಾಡುತ್ತೇವೆ. ಆದರೆ ಪೇತ್ರ ಲುದ್ದದಿಂದ ಕರೆಸಿಕೊಂಡು ಬಂದವನು. ಕೆಲವು ಕಾಲ ಇದ್ದು ಕೈಸರೈಯಕ್ಕೆ ಹೊರಟವನು. ಆ ಅಂಗಿಗಳನ್ನು ಒಗೆದು, ಹರಿದಲ್ಲಿ ತೇಪೆ ಹಾಕಿ ತೊಟ್ಟು ಬಾಳಿದವರು ಯಾರು? ಬಂದು ಹೋಗುವವರಿಗೆ ಈ ಪ್ರಶ್ನೆ ತುಸು ಚುಚ್ಚುತ್ತದೆ. ಚುಚ್ಚಲಿ.

ಕೊನೆಯ ಸಲ ವರ್ಗವಾದಾಗ ಬೀರುವಿನ ಬೀಗದ ಕೈ, ರಸೀದಿ ಪುಸ್ತಕ, ನಡಾವಳಿಯನ್ನು ಹೊಸ ಅಮ್ಮನವರಿಗೆ ಒಪ್ಪಿಸಿದೆ. ಸ್ಟೀಲ್ ಲೋಟಗಳನ್ನು ಎಣಿಸಿದರೆ ಎರಡು ಕಡಿಮೆ. 'ಅವು ಯಾರ ಮನೆಯಲ್ಲಿವೆ ಅಂತ ನಮಗೆ ಗೊತ್ತು, ನೀವು ಬರೆದುಕೊಳ್ಳಬೇಡಿ' ಎಂದರು ಕೂಟದ ಹಿರಿಯಾಕೆ. ನಾನು ಬರೆದುಕೊಳ್ಳಲಿಲ್ಲ.